ಸ್ನೋಬೋರ್ಡ್ ಕಾರ್ವಿಂಗ್‌ಗೆ ಗಡಸು ಸಾಫ್ಟ್ ಬೂಟ್ ಆರಿಸುವ ಕ್ರಮ: ಪಾದದ ಅಳತೆಯಿಂದ ಮೊದಲ ದಿನದ ಹಿಮದವರೆಗೆ

ಬಾಡಿಗೆಯ ಮೆತ್ತನೆಯ ಬೂಟಿನಲ್ಲಿ ಸ್ನೋಬೋರ್ಡ್ ಕಲಿತು, ಬೋರ್ಡನ್ನು ಜಾರಿಸದೆ ಅಂಚಿನ ಮೇಲೆಯೇ ತಿರುಗಿಸುವ ಕಾರ್ವಿಂಗ್‌ಗೆ ಬಂದವರಲ್ಲಿ ಹೆಚ್ಚಿನವರು ಒಂದೇ ಕಡೆ ಎಡವುತ್ತಾರೆ. ಪೆಟ್ಟಿಗೆಯ ಮೇಲೆ 10ಕ್ಕೆ 10 ಎಂದು ಬರೆದಿರುವ ಅತ್ಯಂತ ಗಡಸು ಬೂಟನ್ನು ಕೊಂಡು ತರುತ್ತಾರೆ. ಒಂದೆರಡು ದಿನದಲ್ಲೇ ಬೆರಳು ಜೋಮು ಹಿಡಿಯುತ್ತದೆ, ಹಿಮ್ಮಡಿ ಮೊದಲಿನಂತೆಯೇ ಮೇಲೇಳುತ್ತದೆ, ಬೋರ್ಡು ಮೊದಲಿನಂತೆಯೇ ಜಾರುತ್ತದೆ. ತಪ್ಪು ಬೂಟಿನದಲ್ಲ, ಆರಿಸಿದ ಕ್ರಮದ್ದು. ಮೊದಲು ಗಡಸುತನ, ಆಮೇಲೆ ಅಳತೆ, ಕೊನೆಗೆ ಹಿಮ್ಮಡಿಯ ಹಿಡಿತ ಎಂದು ನೋಡುವ ಬದಲು ಮೊದಲು ಅಳತೆ, ಆಮೇಲೆ ಹಿಮ್ಮಡಿಯ ಹಿಡಿತ, ಕೊನೆಗೆ ಗಡಸುತನ ಎಂದು ನೋಡಬೇಕು. ಹಿಮ್ಮಡಿ ಭದ್ರವಾಗಿ ಕೂತ ಮಧ್ಯಮ ಗಡಸಿನ ಬೂಟು, ಒಳಗೆ ಪಾದ ಅಲುಗಾಡುವ ಅತಿ ಗಡಸು ಬೂಟಿಗಿಂತ ಎಲ್ಲ ರೀತಿಯಲ್ಲೂ ಮೇಲು.

ಇಲ್ಲಿ ಹೇಳುವುದೆಲ್ಲ, ಬೂಟನ್ನು ಪಟ್ಟಿಗಳಿಂದ ಬೋರ್ಡಿಗೆ ಬಿಗಿಯುವ ಬೈಂಡಿಂಗ್‌ಗೆ ಹೊಂದುವ ಸಾಫ್ಟ್ ಬೂಟುಗಳಿಗೆ ಮಾತ್ರ ಅನ್ವಯಿಸುತ್ತದೆ. ಬಾವುಟಗಳ ನಡುವೆ ಇಬ್ಬರು ಅಕ್ಕಪಕ್ಕದಲ್ಲಿ ಇಳಿಯುವ ಪ್ಯಾರಲಲ್ ಜೈಂಟ್ ಸ್ಲಾಲಮ್ ಸ್ಪರ್ಧಿಗಳು ತೊಡುವ ಪ್ಲಾಸ್ಟಿಕ್ ಹಾರ್ಡ್ ಬೂಟಿಗೆ ಪ್ಲೇಟ್ ಬೈಂಡಿಂಗ್ ಬೇಕು, ಅದನ್ನು ಪಾದಕ್ಕೆ ಹೊಂದಿಸಿ ನೋಡುವ ವಿಧಾನವೂ ಬೇರೆ. ಉಬ್ಬುತಗ್ಗಿನ ಹಾದಿಯಲ್ಲಿ ಒಟ್ಟಿಗೆ ಇಳಿಯುವ ಸ್ನೋಬೋರ್ಡ್ ಕ್ರಾಸ್ ಸ್ಪರ್ಧಿಗಳು ಗಡಸು ಸಾಫ್ಟ್ ಬೂಟಿನಲ್ಲೇ ಓಡುತ್ತಾರೆಂಬುದನ್ನು ನೆನಪಿಟ್ಟರೆ, ಕಾರ್ವಿಂಗ್‌ಗೆ ಸಾಫ್ಟ್ ಬೂಟು ಸಾಲದೇನೋ ಎಂಬ ಅನುಮಾನಕ್ಕೆ ಆಸ್ಪದವಿರುವುದಿಲ್ಲ.

ಮೊದಲು ಸಿದ್ಧಪಡಿಸಿಕೊಳ್ಳಬೇಕಾದವು

ಮಿಲಿಮೀಟರ್ ಗುರುತಿರುವ ಅಳತೆಪಟ್ಟಿ, ದೊಡ್ಡ ಬಿಳಿ ಹಾಳೆ, ಪೆನ್ಸಿಲ್, ಗಟ್ಟಿ ರಟ್ಟಿನ ಒಂದು ಪುಸ್ತಕ, ಹಿಮದಲ್ಲಿ ನೀವು ನಿಜವಾಗಿಯೂ ತೊಡುವ ಒಂದು ಜೊತೆ ತೆಳು ಉಣ್ಣೆಯ ಸ್ಕೀ ಕಾಲುಚೀಲ, ಮತ್ತು ಸಾಧ್ಯವಿದ್ದರೆ ಬೈಂಡಿಂಗ್ ಸಮೇತ ನಿಮ್ಮ ಬೋರ್ಡು. ಹತ್ತಿಯ ಕಾಲುಚೀಲ ಬೆವರನ್ನು ಹೀರಿ ಒದ್ದೆಯಾಗಿಯೇ ಉಳಿಯುತ್ತದೆ, ಆದ್ದರಿಂದ ಬೇಡ. ಎರಡು ಜೊತೆ ಕಾಲುಚೀಲ ತೊಡುವುದಂತೂ ಕೂಡದು: ಒಂದರ ಮೇಲೊಂದು ಜಾರಿ ಹಿಮ್ಮಡಿಯ ಹಿಡಿತವನ್ನೇ ಕೆಡಿಸುತ್ತವೆ. ಕಾಲಿನ ಉಗುರುಗಳನ್ನು ಹಿಂದಿನ ದಿನವೇ ಕತ್ತರಿಸಿಕೊಳ್ಳಿ. ಅಂಗಡಿಗೆ ಒಂದು ಗಂಟೆಗಿಂತ ಹೆಚ್ಚು ಬಿಡುವು ಮಾಡಿಕೊಂಡೇ ಹೋಗಿ. ಪ್ರವಾಸ ಹೊರಡುವ ಹಿಂದಿನ ಸಂಜೆ ಆತುರದಲ್ಲಿ ಕೊಂಡ ಬೂಟು ಸರಿಹೊಂದುವುದು ಅಪರೂಪ.

ಹಂತ 1: ಪಾದವನ್ನು ಸೆಂಟಿಮೀಟರಿನಲ್ಲಿ ಅಳೆಯಿರಿ

ದಿನವೆಲ್ಲ ನಡೆದ ಪಾದ ಸ್ವಲ್ಪ ಊದಿರುತ್ತದೆ, ಆದ್ದರಿಂದ ಸಂಜೆ ಅಳೆಯಬೇಕು. ಗೋಡೆಗೆ ಹಿಮ್ಮಡಿ ತಾಗಿಸಿ, ಹಾಳೆಯ ಮೇಲೆ ಪೂರ್ತಿ ಭಾರ ಹಾಕಿ ನಿಂತುಕೊಂಡು, ಅತಿ ಉದ್ದದ ಬೆರಳಿಗೆ ಪುಸ್ತಕದ ಬೆನ್ನನ್ನು ನೇರವಾಗಿ ತಾಗಿಸಿ ಇನ್ನೊಬ್ಬರ ಕೈಯಲ್ಲಿ ಗುರುತು ಹಾಕಿಸಿ. ನೀವೇ ಬಗ್ಗಿ ಗುರುತು ಹಾಕಿದರೆ ಭಾರ ಸರಿದು ಅಳತೆ ತಪ್ಪುತ್ತದೆ. ಎರಡೂ ಪಾದಗಳನ್ನು ಅಳೆದು, ದೊಡ್ಡದನ್ನು ಲೆಕ್ಕಕ್ಕೆ ಹಿಡಿಯಿರಿ.

ಸೆಂಟಿಮೀಟರಿನ ಈ ಉದ್ದವೇ ಮೊಂಡೊಪಾಯಿಂಟ್ ಅಳತೆ. 27 ಸೆಂ.ಮೀ. ಪಾದ ಅಮೆರಿಕದ ಪುರುಷರ 9ನೇ ಸಂಖ್ಯೆಗೆ ಸಮ. ದಿನನಿತ್ಯದ ಬೂಟುಗಳನ್ನು ಜನ ಅರ್ಧದಿಂದ ಒಂದು ಸಂಖ್ಯೆ ದೊಡ್ಡದಾಗಿ ಕೊಳ್ಳುವುದು ರೂಢಿ. ಹಾಗಾಗಿ ನಿತ್ಯ 10 ತೊಡುವವರ ಪಾದ 27 ಸೆಂ.ಮೀ. ಮಾತ್ರ ಇರುವುದು ಆಶ್ಚರ್ಯವಲ್ಲ. ಸಡಿಲ ಬೂಟು ಕೊಳ್ಳುವವರೆಲ್ಲ ಸಾಮಾನ್ಯವಾಗಿ ಇಲ್ಲಿಯೇ ದಾರಿ ತಪ್ಪಿರುತ್ತಾರೆ. ದೇಶಕ್ಕೊಂದು, ಗಂಡಸರಿಗೆ ಹೆಂಗಸರಿಗೆ ಬೇರೆ ಬೇರೆ ಎಂದಿರುವ ಸಂಖ್ಯೆಗಳ ಗೊಂದಲವನ್ನು ಬಿಟ್ಟು, ಪೆಟ್ಟಿಗೆಯ ಮೇಲೆ ಅಚ್ಚಾಗಿರುವ ಸೆಂಟಿಮೀಟರನ್ನೇ ನಂಬಿ.

ಉದ್ದದ ಜೊತೆಗೆ ಪಾದದ ಅತಿ ಅಗಲವಾದ ಭಾಗವನ್ನೂ ಅಳೆದಿಟ್ಟುಕೊಳ್ಳಿ. ಚಿಕ್ಕಂದಿನಿಂದ ಬರಿಗಾಲಿನಲ್ಲಿ ಅಥವಾ ಚಪ್ಪಲಿಯಲ್ಲಿ ಓಡಾಡಿ ಬೆಳೆದವರ ಪಾದದ ಮುಂಭಾಗ ಹೆಚ್ಚಾಗಿ ಹರವಾಗಿರುತ್ತದೆ, ಮತ್ತು ನಮ್ಮ ಕಡೆಯಿಂದ ಹೋಗಿ ಡೆನ್ವರ್‌ನಲ್ಲೋ ಟೊರಾಂಟೊದಲ್ಲೋ ನೆಲೆಸಿ ವಯಸ್ಕರಾದ ಮೇಲೆ ಹಿಮಕ್ಕಿಳಿದ ಅನೇಕರ ಪಾದ ಇಂಥದ್ದೇ. ಇಂಥವರು ಅಗಲಕ್ಕಾಗಿ ಉದ್ದವನ್ನು ಹೆಚ್ಚಿಸುತ್ತಾರೆ. ಆಗ ಕಿರುಬೆರಳಿಗೆ ಜಾಗ ಸಿಗುತ್ತದೆ, ಹಿಮ್ಮಡಿ ಅಲ್ಲಾಡತೊಡಗುತ್ತದೆ. ಹಲವು ಕಂಪನಿಗಳು ಅದೇ ಉದ್ದದಲ್ಲಿ ಅಗಲದ ಮಾದರಿಯನ್ನೂ ಮಾಡುತ್ತವೆ. ಅದನ್ನೇ ಕೇಳಿ ಪಡೆಯಬೇಕು.

ಹಂತ 2: ಇನ್‌ಸೋಲ್ ಹೊರತೆಗೆದು ನೋಡಿ, ಆಮೇಲೆ ತೊಡಿ

ಬೂಟಿನ ಒಳಗಿನ ಮೆತ್ತನೆಯ ಲೈನರ್‌ನಿಂದ ಇನ್‌ಸೋಲನ್ನು ಎಳೆದು ನೆಲದ ಮೇಲಿಟ್ಟು, ಕಾಲುಚೀಲ ಹಾಕಿಕೊಂಡು ಅದರ ಮೇಲೆ ನಿಲ್ಲಿ. ಹಿಮ್ಮಡಿಯನ್ನು ಹಿಂದಿನ ಅಂಚಿಗೆ ಸರಿಯಾಗಿ ಕೂರಿಸಿದಾಗ ಬೆರಳ ತುದಿ ಮುಂದಿನ ಅಂಚಿನ ಹತ್ತಿರವೇ ಇರಬೇಕು. ಅರ್ಧ ಇಂಚಿನಷ್ಟು ಜಾಗ ಉಳಿದರೆ ಬೂಟು ದೊಡ್ಡದು. ಪಾದದ ಅಂಚು ಪಕ್ಕದಿಂದ ಹೊರಚಾಚಿದ್ದರೆ ಬೂಟು ಕಿರಿದು. ಎರಡು ನಿಮಿಷದ ಈ ಪರೀಕ್ಷೆ ಅರ್ಧದಷ್ಟು ಬೂಟುಗಳನ್ನು ತೊಡುವ ಮೊದಲೇ ಪಟ್ಟಿಯಿಂದ ಹೊರಗಿಡುತ್ತದೆ.

ತೊಟ್ಟ ಮೇಲೆ ಹಿಮ್ಮಡಿಯನ್ನು ನೆಲಕ್ಕೆ ಎರಡು ಸಲ ಕುಟ್ಟಿ ಹಿಂದಕ್ಕೆ ಕೂರಿಸಿ, ಬಳಿಕ ಕಟ್ಟಿ. ನೇರವಾಗಿ ನಿಂತಾಗ ಬೆರಳುಗಳು ಲೈನರಿನ ತುದಿಯನ್ನು ಮುಟ್ಟಬೇಕು. ಮಂಡಿ ಬಗ್ಗಿಸಿ ಸವಾರಿಯ ಭಂಗಿಗೆ ಬಂದಾಗ ಆ ಸ್ಪರ್ಶ ಹಗುರವಾಗಬೇಕು. ಬಗ್ಗಿದಾಗಲೂ ಬೆರಳು ಮಡಚಿಕೊಂಡೇ ಇದ್ದರೆ ಬೂಟು ಚಿಕ್ಕದು. ನೇರ ನಿಂತಾಗಲೇ ಬೆರಳು ಎಲ್ಲಿಯೂ ತಾಗದಿದ್ದರೆ, ಅಂಗಡಿಯವರು ಏನೇ ಹೇಳಲಿ, ಅದು ದೊಡ್ಡದೇ. ಹೊಸ ಲೈನರ್ ಕೆಲವು ದಿನಗಳ ಬಳಕೆಯಲ್ಲಿ ಒತ್ತಿಕೊಂಡು ಒಳಜಾಗ ಹೆಚ್ಚುತ್ತದೆಯಾದ್ದರಿಂದ, ಅಂಗಡಿಯಲ್ಲಿ ಆರಾಮವೆನಿಸಿದ ಬೂಟು ಋತುವಿನ ನಡುವೆಯೇ ಸಡಿಲವಾಗುತ್ತದೆ.

ಇದನ್ನು ಕನಿಷ್ಠ 20 ನಿಮಿಷ ಕಾಲಿನಲ್ಲಿಯೇ ಇಟ್ಟುಕೊಳ್ಳಿ. ಎಲ್ಲ ಕಡೆಯಿಂದ ಸಮನಾಗಿ ಅಪ್ಪಿಕೊಂಡ ಒತ್ತಡ ಒಳ್ಳೆಯ ಲಕ್ಷಣ. ಒಂದೇ ಬಿಂದುವಿನಲ್ಲಿ ಚುಚ್ಚುವ ನೋವು, ಪಾದದ ಕಮಾನಿನಲ್ಲಿ ಉರಿ, ಬೆರಳುಗಳಲ್ಲಿ ಜೋಮು, ಇವು ಮೂರೂ ಬೇರೆ ಬೂಟು ನೋಡಿ ಎನ್ನುವ ಸೂಚನೆಗಳು. ಮೀಗಾಲಿನ ಮೇಲೆ ಲೇಸು ಒತ್ತಿದ್ದರಿಂದಲೂ ಜೋಮು ಬರಬಹುದು, ಆದ್ದರಿಂದ ಒಮ್ಮೆ ಕೆಳಭಾಗವನ್ನು ಮಾತ್ರ ಸಡಿಲಿಸಿ ನೋಡಿ. ಆಗಲೂ ಹೋಗದಿದ್ದರೆ ಬೂಟಿನ ಒಡಲೇ ನಿಮ್ಮ ಪಾದಕ್ಕೆ ತಗ್ಗಾಗಿದೆ.

ಹಂತ 3: ಹಿಮ್ಮಡಿಯ ಹಿಡಿತ

ಈ ಹಂತಕ್ಕೆ ಉಳಿದೆಲ್ಲಕ್ಕಿಂತ ಹೆಚ್ಚು ಸಮಯ ಕೊಡಿ. ಮುಂಗಾಲ ಬೆರಳಿನ ಕಡೆಯ ಅಂಚಿನಲ್ಲಿ ತಿರುಗುವಾಗ ಕಣಕಾಲು ಬೂಟಿನ ನಾಲಿಗೆಯನ್ನು ಒತ್ತುತ್ತದೆ, ಹಿಮ್ಮಡಿ ಮೇಲೇಳಲು ಹವಣಿಸುತ್ತದೆ. ಅದು ಒಂದು ಸೆಂಟಿಮೀಟರಿನಷ್ಟು ಎದ್ದರೂ, ನೀವು ಹಾಕಿದ ಬಲ ಅಂಚಿಗೆ ಮುಟ್ಟುವ ಮೊದಲು ಆ ಖಾಲಿ ಜಾಗವನ್ನು ತುಂಬುವುದರಲ್ಲೇ ಕಳೆದುಹೋಗುತ್ತದೆ. ಕಾವು ಸಡಿಲವಾದ ಗುದ್ದಲಿಯಲ್ಲಿ ಎಷ್ಟೇ ಜೋರಾಗಿ ಹೊಡೆದರೂ ಏಟು ನೆಲಕ್ಕೆ ಪೂರ್ತಿ ಇಳಿಯದಂತೆ, ಹಿಮ್ಮಡಿ ಅಲುಗುವ ಬೂಟಿನ ಗಡಸುತನ ನಿಮ್ಮ ಕೆಲಸಕ್ಕೆ ಬರುವುದಿಲ್ಲ.

ಪರೀಕ್ಷಿಸುವ ರೀತಿ ಹೀಗೆ. ಬೂಟು ಪೂರ್ತಿ ಕಟ್ಟಿ, ಒಂದು ಮೆಟ್ಟಿಲಿನ ಅಂಚಿನಲ್ಲಿ ಬೆರಳುಗಳ ಮೇಲಷ್ಟೇ ನಿಂತು, ಹಿಮ್ಮಡಿಯನ್ನು ಕೆಳಕ್ಕೆ ಬಿಟ್ಟು ಮತ್ತೆ ಮೇಲೆತ್ತಿ. ಬೂಟಿನ ಹಿಮ್ಮಡಿ ಮೇಲೆ ಬರುವ ಕ್ಷಣಕ್ಕೆ ಸರಿಯಾಗಿ ನಿಮ್ಮ ಹಿಮ್ಮಡಿಯೂ ಬರಬೇಕು. ಮೊದಲು ನಿಮ್ಮದು ಎದ್ದು, ಆಮೇಲೆ ಬೂಟು ಹಿಂಬಾಲಿಸಿದರೆ ಅದು ಸಡಿಲ. ಇನ್ನೊಂದು ಪರೀಕ್ಷೆಗೆ ಜೊತೆಗಾರರು ಬೇಕು. ಅವರು ಬೂಟಿನ ಹಿಂಭಾಗವನ್ನು ನೆಲಕ್ಕೆ ಒತ್ತಿ ಹಿಡಿದಿರಲಿ, ನೀವು ಮಂಡಿಯನ್ನು ಬೆರಳುಗಳಿಗಿಂತ ಮುಂದಕ್ಕೆ ನೂಕಿ. ಆಗ ಹಿಮ್ಮಡಿಯ ಕೆಳಗೆ ಗಾಳಿ ಹೊಕ್ಕಂತೆ ಅನಿಸಬಾರದು.

ಸ್ವಲ್ಪ ಎದ್ದರೆ ಪರಿಹಾರವಿದೆ. ಲೈನರಿನ ಹೊರಬದಿಯಲ್ಲಿ, ಹರಡಿನ ಗಂಟಿನ ಕೆಳಗೆ ಎರಡೂ ಪಕ್ಕಕ್ಕೆ ಅಂಟಿಸುವ ಫೋಮ್ ತುಂಡುಗಳು ಅಂಗಡಿಗಳಲ್ಲಿ ಸಿಗುತ್ತವೆ. ಇಂಗ್ಲಿಷಿನ ಜೆ ಅಕ್ಷರದ ಆಕಾರದ ಈ ತುಂಡುಗಳು ಹಿಮ್ಮಡಿಯ ಮೇಲಿನ ತಗ್ಗನ್ನು ತುಂಬುತ್ತವೆ. ಕಮಾನಿಗೆ ಆಧಾರ ಕೊಡುವ ಗಟ್ಟಿ ಇನ್‌ಸೋಲ್ ಕೂಡ ಪಾದ ಒಳಗೆ ಚಪ್ಪಟೆಯಾಗಿ ಮುಂದೆ ಜಾರುವುದನ್ನು ತಡೆಯುತ್ತದೆ, ಬೂಟಿನ ಜೊತೆ ಬರುವ ತೆಳು ಇನ್‌ಸೋಲಿನಿಂದ ಆ ಕೆಲಸ ಆಗುವುದಿಲ್ಲ. ಆದರೆ ಹಿಮ್ಮಡಿ ಬಹಳ ಏಳುತ್ತಿದ್ದರೆ ಈ ಉಪಾಯಗಳಿಗೆ ಹಣ ಹಾಕದೆ ಅರ್ಧ ಸಂಖ್ಯೆ ಚಿಕ್ಕದನ್ನು ಅಥವಾ ಬೇರೆ ಕಂಪನಿಯ ಬೂಟನ್ನು ತೊಟ್ಟು ನೋಡಿ. ಒಂದು ಎಚ್ಚರಿಕೆ: ಕೆಲವು ಮಾದರಿಗಳಲ್ಲಿ ಎರಡು ಅರ್ಧ ಸಂಖ್ಯೆಗಳಿಗೆ ಹೊರಗಿನ ಶೆಲ್ ಒಂದೇ ಇದ್ದು, ಒಳಗಿನ ಲೈನರ್ ಅಥವಾ ಇನ್‌ಸೋಲಿನ ದಪ್ಪ ಮಾತ್ರ ಬೇರೆಯಾಗಿರುತ್ತದೆ. ಎರಡರ ಅಡಿಭಾಗವನ್ನು ಒಂದಕ್ಕೊಂದು ಹಿಡಿದು ನೋಡಿದರೆ ಇದು ಗೊತ್ತಾಗುತ್ತದೆ.

ಹಿಮ್ಮಡಿ ಏಳುವುದನ್ನು ಲೇಸು ಬಿಗಿದು ಸರಿಮಾಡಲು ಹೊರಡುವುದು ಅತಿ ಸಾಮಾನ್ಯ ತಪ್ಪು. ರಕ್ತ ಸಂಚಾರ ಕುಗ್ಗಿ ಪಾದ ತಣ್ಣಗಾಗುತ್ತದೆಯೇ ಹೊರತು, ಆಕಾರ ಹೊಂದದ ಬೂಟು ಬಿಗಿದ ಮಾತ್ರಕ್ಕೆ ಹೊಂದುವುದಿಲ್ಲ.

ಹಂತ 4: ಈಗ ಗಡಸುತನ

1ರಿಂದ 10ರವರೆಗಿನ ಗಡಸುತನದ ಸಂಖ್ಯೆಗೆ ಎಲ್ಲರೂ ಒಪ್ಪಿದ ಮಾನದಂಡವಿಲ್ಲ. ಒಂದು ಕಂಪನಿಯ 8, ಇನ್ನೊಂದರ 10ಕ್ಕಿಂತ ಗಡಸಾಗಿರಬಹುದು. ಆ ಸಂಖ್ಯೆಯಿಂದ ಒಂದೇ ಕಂಪನಿಯ ಎರಡು ಮಾದರಿಗಳನ್ನು ಹೋಲಿಸಬಹುದು, ಅಷ್ಟೆ. ಬರ್ಟನ್ ಡ್ರೈವರ್ ಎಕ್ಸ್, ಸಾಲೊಮನ್ ಮಾಲಮ್ಯೂಟ್, ರೈಡ್ ಇನ್ಸಾನೊ, ಕೆ2 ಥ್ರಾಕ್ಸಿಸ್ ಮುಂತಾದವು ಗಡಸು ವರ್ಗದಲ್ಲಿ ಹೆಸರಾದವು. ಆದರೂ ಹೆಸರು ನೋಡಿ ತರಿಸದೆ ತೊಟ್ಟು ನೋಡಿಯೇ ತೀರ್ಮಾನಿಸಬೇಕು.

ಕಾರ್ವಿಂಗ್‌ಗೆ ಬೂಟು ಗಡಸಾಗಿರಬೇಕು, ಆದರೆ ಬಗ್ಗದಂತಿರಬಾರದು. ಹರಡು ಬಗ್ಗದಿದ್ದರೆ ದೇಹ ಸೊಂಟದಲ್ಲಿ ಬಗ್ಗುತ್ತದೆ. ಸೊಂಟ ಬಗ್ಗಿದರೆ ಬೆರಳ ಕಡೆಯ ತಿರುವಿನಲ್ಲಿ ಪೃಷ್ಠ ಬೋರ್ಡಿನಿಂದ ಹಿಂದಕ್ಕೆ ಸರಿದು, ಎದೆ ಮುಂದಕ್ಕೆ ಬಾಗಿ, ಅಂಚು ಬಿಟ್ಟುಹೋಗುತ್ತದೆ. ಇಂಥ ಭಂಗಿಯಲ್ಲಿ ಇಳಿಯುವವರು ತಮ್ಮ ಕೌಶಲವನ್ನು ದೂರಿಕೊಳ್ಳುವುದನ್ನು ಕಂಡಾಗ ಬೇಸರವಾಗುತ್ತದೆ, ಏಕೆಂದರೆ ಎಷ್ಟೋ ಸಲ ಅವರ ತೂಕಕ್ಕೆ ಮೀರಿದ ಬೂಟೇ ಅವರನ್ನು ಹಾಗೆ ನಿಲ್ಲಿಸಿರುತ್ತದೆ. 60 ಕೆ.ಜಿ. ತೂಕದವರು ಅಲುಗಿಸಲಾಗದ ಬೂಟನ್ನು 95 ಕೆ.ಜಿ. ತೂಕದವರು ಸಲೀಸಾಗಿ ಬಗ್ಗಿಸುತ್ತಾರೆ. ಹಗುರ ಮೈಯವರು ಮತ್ತು ಕಾರ್ವಿಂಗ್‌ನ ಮೊದಲ ಋತುವಿನಲ್ಲಿರುವವರು 7ರ ಆಸುಪಾಸಿನಿಂದ ಆರಂಭಿಸುವುದು ಜಾಣತನ. ತೂಕ ಹೆಚ್ಚಿರುವವರು, ಮತ್ತು ಗಟ್ಟಿಯಾಗಿ ಹದಗೊಳಿಸಿದ ಇಳಿಜಾರಿನಲ್ಲಿ ವೇಗವಾಗಿ ಇಳಿಯುವವರು 8ರಿಂದ 10ರವರೆಗಿನದನ್ನು ನೋಡಬಹುದು.

ಅಂಗಡಿಯಲ್ಲಿ ಪೂರ್ತಿ ಕಟ್ಟಿಕೊಂಡು ಮಂಡಿಯನ್ನು ನಿಧಾನವಾಗಿ ಮುಂದಕ್ಕೆ ಒತ್ತಿ. ಪ್ರತಿರೋಧ ಮೊದಲ ಕ್ಷಣದಿಂದಲೇ ಶುರುವಾಗಿ ಕ್ರಮೇಣ ಹೆಚ್ಚುತ್ತ ಹೋಗಬೇಕು. ಮೊದಲು ಏನೂ ಇಲ್ಲದೆ ಆಮೇಲೆ ಗೋಡೆಗೆ ತಾಗಿದಂತೆ ನಿಂತರೆ, ಅಥವಾ ಒಂದು ಹಂತದ ಬಳಿಕ ಹರಡಿನ ಬಳಿ ಶೆಲ್ ಚೂಪಾಗಿ ಮಡಿಸಿಕೊಂಡು ಒಮ್ಮೆಲೇ ಕುಸಿದರೆ, ಅದನ್ನು ಬಿಡಿ. ಹರಡಿನ ಮಡಿಕೆಯ ಮೇಲೆ ಬೆರಳಿಟ್ಟು ನೋಡಿ: ಉಬ್ಬಿದ ಮಡಿಕೆ ಒಳಗಿನ ಕಾಲಿಗೆ ಒತ್ತುವುದು ಅಲ್ಲೇ. ನಂತರ ಪಕ್ಕಕ್ಕೂ ಬಾಗಿ ನೋಡಿ. ಎರಡು ಬೈಂಡಿಂಗ್‌ಗಳ ನಡುವೆ ಮಂಡಿಗಳನ್ನು ಆಡಿಸಲು ಸ್ವಲ್ಪ ಪಕ್ಕದ ಚಲನೆ ಬೇಕೇ ಬೇಕು. ಅಂಗಡಿಯ ಬೆಚ್ಚಗಿನ ಕೋಣೆಯಲ್ಲಿ ಇರುವುದಕ್ಕಿಂತ ಸೊನ್ನೆಗಿಂತ ಕೆಳಗಿನ ಚಳಿಯಲ್ಲಿ ಪ್ಲಾಸ್ಟಿಕ್ ಇನ್ನಷ್ಟು ಗಡಸಾಗುತ್ತದೆ. ಆದ್ದರಿಂದ ಅಂಗಡಿಯಲ್ಲಿ ಕಷ್ಟಪಟ್ಟು ಬಗ್ಗುವ ಬೂಟು ಗುಲ್ಮರ್ಗ್‌ನ ಜನವರಿ ಬೆಳಿಗ್ಗೆಯಲ್ಲಿ ಬಗ್ಗುವ ಭರವಸೆ ಇಲ್ಲ.

ಹಂತ 5: ಕಟ್ಟುವ ವ್ಯವಸ್ಥೆ

ಪಾದದ ಭಾಗ ಮತ್ತು ಕಣಕಾಲಿನ ಭಾಗವನ್ನು ಬೇರೆಬೇರೆಯಾಗಿ ಬಿಗಿಯಲು ಆಗಬೇಕು, ಇದೊಂದೇ ನಿಯಮ. ತಿರುಗಿಸಿ ತಂತಿಯನ್ನು ಬಿಗಿಯುವ ಬೋವಾ ಡಯಲ್ ಒಂದೇ ಇದ್ದರೆ ಎಲ್ಲ ಕಡೆಯೂ ಒಂದೇ ಬಿಗಿ ಬೀಳುತ್ತದೆ. ಎರಡು ಅಥವಾ ಮೂರು ಡಯಲ್‌ಗಳಿರುವುದೇ ಕಾರ್ವಿಂಗ್‌ಗೆ ಸೂಕ್ತ. ಸಾಮಾನ್ಯ ಲೇಸು ನಿಧಾನ, ಮತ್ತು ದಿನದ ನಡುವೆ ಸಡಿಲುತ್ತದೆ, ಆದರೆ ಎಲ್ಲೆಲ್ಲಿ ಎಷ್ಟು ಬೇಕೋ ಅಷ್ಟೇ ಬಿಗಿಯಬಹುದು. ಲೇಸಿನವರು ಮೀಗಾಲಿನ ಮೇಲ್ತುದಿಯಲ್ಲಿ ಒಂದಕ್ಕೆ ಎರಡು ಸುತ್ತು ಹಾಕಿ ಗಂಟು ಬಿಗಿದರೆ ಕೆಳಗಿನ ಬಿಗಿ ಅಲ್ಲೇ ನಿಲ್ಲುತ್ತದೆ, ಮೇಲಿನದನ್ನು ಬೇರೆಯಾಗಿ ಎಳೆಯಬಹುದು. ಒಳಗಿನ ಲೈನರಿನ ಪಟ್ಟಿಯನ್ನು ಮೊದಲು ಬಿಗಿದು ಆಮೇಲೆ ಹೊರಗಿನದನ್ನು ಕಟ್ಟಬೇಕು. ಹಿಮ್ಮಡಿಯನ್ನು ಹಿಂದಕ್ಕೆ ಹಿಡಿದಿಡುವುದು ಬಹುಮಟ್ಟಿಗೆ ಆ ಒಳಪಟ್ಟಿಯೇ.

ಪಟ್ಟಿಯಿಲ್ಲದೆ ತುಳಿದು ಸಿಕ್ಕಿಸುವ ಸ್ಟೆಪ್ ಆನ್ ಬೂಟು ಕೊಳ್ಳುವವರು, ಅದಕ್ಕೆ ಅದರದೇ ಬೈಂಡಿಂಗ್ ಬೇಕೆಂಬುದನ್ನು ಮರೆಯಬಾರದು.

ಹಂತ 6: ಅಡಿಯ ಉದ್ದ ಮತ್ತು ಬೋರ್ಡಿನ ಅಗಲ

ಬೋರ್ಡು ಅಂಚಿನ ಮೇಲೆ ಬಹಳ ವಾಲಿದಾಗ ಬೂಟಿನ ತುದಿ ಹಿಮಕ್ಕೆ ತಾಗಿದರೆ ಅಂಚು ಎದ್ದುಬಿಡುತ್ತದೆ, ಬೀಳುವುದು ಖಚಿತ. ಆದ್ದರಿಂದ ಪೆಟ್ಟಿಗೆಯ ಸಂಖ್ಯೆಗಿಂತ ಬೂಟಿನ ಅಡಿಯ ಹೊರ ಉದ್ದ ಮುಖ್ಯ. ಒಂದೇ ಮೊಂಡೊಪಾಯಿಂಟ್‌ನ ಎರಡು ಬೂಟುಗಳ ಹೊರ ಉದ್ದದಲ್ಲಿ ಕಣ್ಣಿಗೆ ಕಾಣುವಷ್ಟು ವ್ಯತ್ಯಾಸವಿರಬಹುದು. ಅಳತೆಪಟ್ಟಿಯಿಂದ ತುದಿಯಿಂದ ತುದಿಗೆ ಅಳೆಯಿರಿ.

ಲೆಕ್ಕ ಸರಳ. 30 ಸೆಂ.ಮೀ. ಉದ್ದದ ಬೂಟು ಬೋರ್ಡಿನ ಅಡ್ಡಗೆರೆಯಿಂದ 15 ಡಿಗ್ರಿ ಕೋನದಲ್ಲಿ ಕೂತರೆ ಬೋರ್ಡಿಗೆ ಅಡ್ಡಲಾಗಿ ಸುಮಾರು 29 ಸೆಂ.ಮೀ. ಜಾಗ ತೆಗೆದುಕೊಳ್ಳುತ್ತದೆ, 30 ಡಿಗ್ರಿಯಲ್ಲಿ ಸುಮಾರು 26. ಬೂಟಿನ ಅಗಲದಿಂದಾಗಿ ನಿಜವಾದದ್ದು ಇದಕ್ಕಿಂತ ತುಸು ಹೆಚ್ಚೇ ಇರುತ್ತದೆ. ಬೋರ್ಡಿನ ಅಗಲವನ್ನು ನಡುವಿನ ಕಿರಿದಾದ ಜಾಗದಲ್ಲಿ ಅಳೆಯದೆ ಬೈಂಡಿಂಗ್ ಕೂರುವ ಸ್ಥಳದಲ್ಲಿ ಅಳೆಯಬೇಕು. ಅಲ್ಲಿ 26 ಸೆಂ.ಮೀ. ಇದ್ದರೆ 15 ಡಿಗ್ರಿಯಲ್ಲಿ ಎರಡೂ ಬದಿ ತಲಾ ಒಂದೂವರೆ ಸೆಂ.ಮೀ. ಹೊರಚಾಚುತ್ತದೆ. ಬೂಟಿನ ತುದಿ ಬೋರ್ಡಿನ ತಳದಿಂದ 4 ಸೆಂ.ಮೀ. ಎತ್ತರದಲ್ಲಿದ್ದರೆ, ಒಂದೂವರೆ ಸೆಂ.ಮೀ. ಚಾಚಿದ ಬೂಟು ಸುಮಾರು 69 ಡಿಗ್ರಿ ವಾಲಿದಾಗ ನೆಲಕ್ಕೆ ತಾಗುತ್ತದೆ. ಅದೇ 3 ಸೆಂ.ಮೀ. ಚಾಚಿದ್ದರೆ 53 ಡಿಗ್ರಿಗೇ ತಾಗುತ್ತದೆ. ಇದು ಗಟ್ಟಿ ನೆಲದ ಲೆಕ್ಕ. ಮೆತ್ತನೆಯ ಹಿಮದಲ್ಲಿ ಅಂಚು ಒಳಗಿಳಿಯುವುದರಿಂದ ಇನ್ನೂ ಬೇಗ ತಾಗುತ್ತದೆ.

ಹಿಂದಿನ ಪಾದದ ಕೋನ ಸಾಮಾನ್ಯವಾಗಿ ಕಡಿಮೆಯಿರುವುದರಿಂದ ಮೊದಲು ತಾಗುವುದೂ ಅದೇ. ಬೂಟನ್ನು ಬೈಂಡಿಂಗ್‌ನಲ್ಲಿ ಕೂರಿಸಿ, ಬೋರ್ಡನ್ನು ಕಾರ್ಪೆಟ್ ಮೇಲೆ ಅಂಚಿಗೆ ನಿಲ್ಲಿಸಿ ನಿಧಾನವಾಗಿ ವಾಲಿಸಿದರೆ ಯಾವುದು ಮೊದಲು ತಾಗುತ್ತದೆಂದು ಮನೆಯಲ್ಲೇ ತಿಳಿಯಬಹುದು. ಬೇಗ ತಾಗುವುದಾದರೆ ಕೋನ ಹೆಚ್ಚಿಸಿ, ಇಲ್ಲವೇ ಅಗಲದ ಬೋರ್ಡು ನೋಡಿ. ಇದಕ್ಕಾಗಿ ಪಾದಕ್ಕಿಂತ ಚಿಕ್ಕ ಬೂಟು ಕೊಳ್ಳುವುದು ಮಾತ್ರ ಸಲ್ಲದು.

ಹಂತ 7: ಬೈಂಡಿಂಗ್ ಜೊತೆ ಕೂರಿಸಿ ನೋಡಿ

ಬೂಟಿನ ಹಿಮ್ಮಡಿ ಬೈಂಡಿಂಗ್‌ನ ಹಿಂಬದಿಗೆ ಪೂರ್ತಿ ತಾಗಿ ಕೂರಬೇಕು. ಹಿಂದೆ ನಿಲ್ಲುವ ಹೈಬ್ಯಾಕ್ ಮತ್ತು ಬೂಟಿನ ನಡುವೆ ಸಂದು ಉಳಿದರೆ ಹಿಮ್ಮಡಿ ಕಡೆಯ ತಿರುವು ತಡವಾಗಿ ಶುರುವಾಗುತ್ತದೆ. ಹೈಬ್ಯಾಕಿನ ಮುಂಬಾಗುವಿಕೆಯನ್ನು ಹೊಂದಿಸಿದರೆ ಈ ಸಂದು ಹೋಗುತ್ತದೆ. ಹರಡಿನ ಪಟ್ಟಿ ಬೂಟಿನ ಮಡಿಕೆಯ ಮೇಲೆಯೇ ಸರಿಯಾಗಿ ಬರಬೇಕು. ಗಡಸು ಬೂಟಿಗೆ ಮೆತ್ತನೆಯ ಬೈಂಡಿಂಗ್ ಹಾಕಿದರೆ ಬಲ ಅಲ್ಲಿಯೇ ಸೋರಿಹೋಗುತ್ತದೆ.

ಹಂತ 8: ಶಾಖದಿಂದ ಆಕಾರ ಕೊಡಿಸುವುದು, ತೀರ್ಮಾನದ ನಂತರವೇ

ಲೈನರ್‌ಗೆ ಶಾಖ ಕೊಟ್ಟು ಪಾದದ ಆಕಾರಕ್ಕೆ ತರುವ ಕೆಲಸವನ್ನು ಮೇಲಿನ ಎಲ್ಲ ಪರೀಕ್ಷೆಗಳೂ ಮುಗಿದ ಬಳಿಕ ಮಾಡಿಸಬೇಕು. ಒಮ್ಮೆ ಆಕಾರ ಕೊಟ್ಟ ಬೂಟನ್ನು ಅನೇಕ ಅಂಗಡಿಗಳು ಹಿಂದಕ್ಕೆ ಪಡೆಯುವುದಿಲ್ಲ. ಇದರಿಂದ ಹರಡಿನ ಗಂಟು, ಕಿರುಬೆರಳಿನ ಬುಡ ಮುಂತಾದ ಕಡೆ ಒತ್ತುವುದು ತಗ್ಗುತ್ತದೆ. ಆದರೆ ಉದ್ದದಲ್ಲಿ ಚಿಕ್ಕದಾದ ಶೆಲ್ ಇದರಿಂದ ದೊಡ್ಡದಾಗುವುದಿಲ್ಲ, ಸಡಿಲವಾದದ್ದು ಬಿಗಿಯಾಗುವುದಂತೂ ಇಲ್ಲವೇ ಇಲ್ಲ. ಬಿಸಿ ಲೈನರಿನಲ್ಲಿ ನಿಂತಿರುವಾಗ ಮಂಡಿಯನ್ನು ಸವಾರಿಯ ಭಂಗಿಯಲ್ಲೇ ಬಗ್ಗಿಸಿಕೊಂಡು, ತಣಿಯುವವರೆಗೆ ಕದಲದೆ ಇರಬೇಕು. ಮನೆಯ ಓವನ್ ಬಳಸಬೇಡಿ. ಹೆಚ್ಚು ಶಾಖಕ್ಕೆ ಫೋಮ್ ಕುಗ್ಗಿ ಹಾಳಾದರೆ ಅದಕ್ಕೆ ರಿಪೇರಿ ಇಲ್ಲ.

ಹಂತ 9: ಹಿಮದ ಮೇಲಿನ ಮೊದಲ ದಿನ

ಮೊದಲ ಎರಡು ಇಳಿತಗಳನ್ನು ಪರಿಚಿತವಾದ ಸುಲಭ ಇಳಿಜಾರಿನಲ್ಲಿ ಮುಗಿಸಿ, ಆಮೇಲೆ ಕಟ್ಟನ್ನು ಪೂರ್ತಿ ಬಿಚ್ಚಿ ಮತ್ತೆ ಕಟ್ಟಿ. ಚಳಿಗೆ ಮತ್ತು ಚಲನೆಗೆ ಲೈನರ್ ಹೊಂದಿಕೊಂಡಿರುತ್ತದೆ, ಆಗಿನ ಬಿಗಿಯೇ ನಿಜವಾದದ್ದು. ಲಿಫ್ಟ್‌ನಲ್ಲಿ ಮೇಲೆ ಹೋಗುವಾಗ ಕಣಕಾಲಿನ ಭಾಗವನ್ನು ಸಡಿಲಿಸಿಡುವುದು ಒಳ್ಳೆಯ ಅಭ್ಯಾಸ.

ಕಣಕಾಲಿನ ಮುಂದೆ, ಬೂಟಿನ ಮೇಲಂಚಿನ ಎತ್ತರದಲ್ಲಿ ಕೆಂಪು ಗೆರೆ ಮೂಡಿ ನೋಯತೊಡಗಿದರೆ ಮೊದಲು ಕಾಲುಚೀಲದ ಸುಕ್ಕನ್ನು, ಮತ್ತು ಪ್ಯಾಂಟಿನ ಒಳಪದರವೇನಾದರೂ ಬೂಟಿನೊಳಗೆ ಸೇರಿದೆಯೇ ಎಂಬುದನ್ನು ನೋಡಿ. ಅಲ್ಲಿ ಕಾಲುಚೀಲ ಬಿಟ್ಟು ಬೇರೇನೂ ಇರಕೂಡದು. ಎರಡೂ ಸರಿಯಿದ್ದು ನೋವು ಮುಂದುವರಿದರೆ, ಹಿಮ್ಮಡಿ ಎದ್ದು ಕಣಕಾಲು ನಾಲಿಗೆಗೆ ಬಡಿಯುತ್ತಿದೆ ಎಂದರ್ಥ. ಮೂರನೆಯ ಹಂತಕ್ಕೆ ಹಿಂದಿರುಗಿ. ಮೀನಖಂಡದ ಸ್ನಾಯು ಬೇಗ ಸೋಲುತ್ತಿದ್ದರೆ ಬೂಟು ನಿಮ್ಮ ತೂಕಕ್ಕೆ ಗಡಸಾಗಿರಬಹುದು. ಮೇಲಿನ ಭಾಗವನ್ನು ಒಂದು ಹಂತ ಸಡಿಲಿಸಿ ಹೋಲಿಸಿ ನೋಡಿ. ಬೆರಳಿಗೆ ಸ್ಪರ್ಶವೇ ತಿಳಿಯದಂತಾದರೆ, ಅಥವಾ ಚರ್ಮ ಬಿಳಿಚಿಕೊಂಡರೆ, ಇಳಿತವನ್ನು ಅಲ್ಲಿಗೇ ನಿಲ್ಲಿಸಿ ಒಳಗೆ ಹೋಗಿ ಪಾದವನ್ನು ಬೆಚ್ಚಗೆ ಮಾಡಿಕೊಳ್ಳಬೇಕು. ಹಿಮಗಡಿತ ಶುರುವಾಗುವುದು ಹೀಗೆಯೇ.

ಹಂತ 10: ಸಂಜೆಯ ಆರೈಕೆ ಮತ್ತು ಸವೆತದ ಗುರುತು

ಸಂಜೆ ಲೈನರನ್ನು ಹೊರತೆಗೆದು ಸಾಮಾನ್ಯ ಕೋಣೆಯ ಶಾಖದಲ್ಲಿ ಒಣಗಿಸಿ, ಹೀಟರಿನ ಮೇಲೆ ಇಡಬೇಡಿ. ಕಟ್ಟನ್ನು ಕೈಯಳತೆಗೆ ಬರುವ ಕೊನೆಯ ಬಿಗಿಯವರೆಗೂ ಎಳೆದ ಮೇಲೂ ಹಿಮ್ಮಡಿ ಏಳುತ್ತಿದ್ದರೆ, ಹರಡಿನ ಮಡಿಕೆಯಲ್ಲಿ ಶೆಲ್ ಸಣ್ಣಗೆ ಬಿರುಕುಬಿಟ್ಟಿದ್ದರೆ, ಮಂಡಿ ಒತ್ತಿದಾಗ ಆರಂಭದ ಪ್ರತಿರೋಧವೇ ಇಲ್ಲದಿದ್ದರೆ ಬೂಟು ಸವೆದಿದೆ. ಇವುಗಳಲ್ಲಿ ಮೊದಲನೆಯದು ಮಾತ್ರ ಕಂಡಿದ್ದು ಶೆಲ್ ಗಟ್ಟಿಯಾಗಿದ್ದರೆ, ಹೊಸ ಬೂಟಿನ ಬದಲು ದಪ್ಪ ಫೋಮಿನ ಹೊಸ ಲೈನರ್ ಮಾತ್ರ ಹಾಕಿಸಿದರೆ ಸಾಕಾಗುತ್ತದೆ. ಶೆಲ್ ಬಿರುಕುಬಿಟ್ಟಿದ್ದರೆ ಲೈನರಿಗೆ ಹಣ ಹಾಕಬೇಡಿ.